ಎಂಟನೆಯ ಚೀಟಿ

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ವಿಮಾ ಕಚೇರಿಯಲ್ಲಿ ಕ್ಲೇಮ್‌ಗಳನ್ನು ಪರಿಶೀಲಿಸುವ ಕೆಲಸ. ಅಡುಗೆಮನೆಗೆ ಮೊನ್ನೆ ನೀರು ನುಗ್ಗಿತೆಂದು ಒಬ್ಬರು ಫೋಟೋ ಕಳಿಸಿದರೆ, ಆ ಫೋಟೋದ ಗೋಡೆಯ ಮೇಲಿರುವ ಕ್ಯಾಲೆಂಡರು ಯಾವ ತಿಂಗಳದ್ದೆಂದು ನೋಡುವವಳು ನಾನು. ಒಂದು ಸಲ ಹೀಗೇ ಹಿಡಿದುಕೊಟ್ಟೆ, ಇಡೀ ಆಫೀಸು ಹೊಗಳಿತು. ಹೊಗಳಿಸಿಕೊಂಡ ಬುದ್ಧಿ ಆಫೀಸಿನಲ್ಲೇ ಉಳಿಯುತ್ತದೆಯೇ? ನನ್ನ ಜೊತೆಗೇ ಟ್ರೇನು ಹತ್ತಿ ಪ್ಯಾರಮಟ್ಟಾದ ಅಪಾರ್ಟ್‌ಮೆಂಟಿನ ನಮ್ಮ ಯೂನಿಟ್‌ಗೂ ಬಂದು ಕೂತಿತು. ಹಾಲಿನ ಡಬ್ಬಿ ಖಾಲಿಯಾಗಿದ್ದರೆ ಯಾರು ಕುಡಿದರೆಂದು ವಿಚಾರಣೆ ನಡೆಸುತ್ತಿದ್ದೆ. ಮನೆಯಲ್ಲಿದ್ದವರು ಮೂರೇ ಜನ.

ಆ ಮೂವರಲ್ಲಿ ಒಬ್ಬ ನನ್ನ ಗಂಡ. ಧಾರವಾಡದವನು, ಲಿಂಗಾಯತರ ಮನೆಯವನು. ನಾನು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್. ಭೇಟಿಯಾದದ್ದು ಸಿಡ್ನಿಯಲ್ಲಿ, ಮದುವೆಯಾದದ್ದೂ ಇಲ್ಲೇ. ಅವನಿಗೆ ದೀಕ್ಷಾಸ್ನಾನ ಆಗಿರಲಿಲ್ಲವಾದ್ದರಿಂದ ಚರ್ಚಿನಿಂದ ವಿಶೇಷ ಅನುಮತಿ ಪಡೆದು ಮದುವೆ ಮಾಡಿಕೊಂಡೆವು. ಪಪ್ಪ ಬರಲಿಲ್ಲ. ಬಂದದ್ದು ಅವರ ಕಾಗದ. ಹಾಳೆಯ ನೆತ್ತಿಯಲ್ಲಿ ಪುಟ್ಟದೊಂದು ಶಿಲುಬೆ, ಅದರ ಕೆಳಗೆ ಎರಡು ಸಾಲು. ‘ನಿನ್ನ ಕಾಗದ ಮುಟ್ಟಿತು. ದೇವರು ಒಳ್ಳೆಯದು ಮಾಡಲಿ.’ ಮದುವೆ ಎಂಬ ಶಬ್ದವೇ ಅದರಲ್ಲಿರಲಿಲ್ಲ. ಶಿಲುಬೆಯಲ್ಲೂ ವಿಶೇಷವೇನಿರಲಿಲ್ಲ. ನಮ್ಮ ಹಳಬರಲ್ಲಿ ಕೆಲವರಿಗೆ ಆ ಅಭ್ಯಾಸ. ಏನೇ ಬರೆಯುವ ಮೊದಲೂ ಮೇಲೊಂದು ಶಿಲುಬೆ ಎಳೆದೇ ಮುಂದಿನ ಅಕ್ಷರ. ಊರಿನ ಚರ್ಚಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಪಪ್ಪ ದಿನಸಿ ಚೀಟಿಗೂ ಹಾಕುತ್ತಿದ್ದರು, ಮದ್ದಿನ ಪಟ್ಟಿಗೂ ಹಾಕುತ್ತಿದ್ದರು. ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ.

ಅಮ್ಮ ತೀರಿಕೊಂಡ ಮೇಲೆ ಪಪ್ಪ ನಮ್ಮಲ್ಲಿಗೆ ಬಂದರು. ನನ್ನ ಗಂಡನಿಗೆ ಕೊಂಕಣಿ ಬಾರದ್ದರಿಂದ ಮೂವರ ನಡುವೆ ಕನ್ನಡವೇ ಮನೆಮಾತಾಯಿತು, ನಮ್ಮಿಬ್ಬರದು ಮಂಗಳೂರಿನದು, ಅವನದು ಧಾರವಾಡದ್ದು. ಮೂರನೆಯ ತಿಂಗಳು ನನ್ನ ಗಂಡ ಒಂದು ಸಂಜೆ ತಾನಾಗಿಯೇ, “ಮಾವಾರ, ನನಗ ನಿಮ್ಮ ಧರ್ಮ ಕಲಿಸ್ರಿ, ನಾನೂ ತಗೋತೀನಿ,” ಎಂದ. ನಾನಂತೂ ಕೇಳಿರಲಿಲ್ಲ, ದೇವರಾಣೆ. ಪಪ್ಪ ಮರುದಿನವೇ ಎರಡು ಗೆರೆ ನೋಟ್‌ಬುಕ್ ತಂದರು. ಒಂದು ವರ್ಷ, ದಿನಾ ಸಂಜೆ, ಡೈನಿಂಗ್ ಟೇಬಲ್ಲಿನಲ್ಲಿ ಪಾಠ. ಹೇಳಿಸುವುದು, ಬರೆಸುವುದು, ತಪ್ಪಿದರೆ ಇನ್ನೊಮ್ಮೆ ಬರೆಸುವುದು. ಆಫೀಸಿನಲ್ಲಿ ಕಂಪ್ಯೂಟರಿನಲ್ಲೇ ಬದುಕುವ ನನ್ನ ಗಂಡ ಪೆನ್ನು ಹಿಡಿದದ್ದನ್ನು ಆ ಒಂದು ವರ್ಷ ಬಿಟ್ಟರೆ ನಾನು ಕಂಡದ್ದಿಲ್ಲ. ಅವರ ಪಾಠದ ಹೊತ್ತಿಗೆ ನಾನು ಅಡುಗೆಮನೆಯಲ್ಲಿರುತ್ತಿದ್ದೆ, ನೋಟ್‌ಬುಕ್ ತೆರೆದು ನೋಡಲಿಲ್ಲ. ಮುಂದಿನ ಈಸ್ಟರ್‌ಗೆ ಅವನಿಗೆ ದೀಕ್ಷಾಸ್ನಾನವಾಯಿತು.

ನನಗೆ ಸಮಾಧಾನವಾಗಬೇಕಿತ್ತು ತಾನೇ? ಆಗಲಿಲ್ಲ. ಪಪ್ಪ ಅವನನ್ನು ಒಮ್ಮೆಯೂ ‘ಅಳಿಯ’ ಎನ್ನಲಿಲ್ಲ. ನನ್ನ ಹತ್ತಿರ ಹೇಳುವಾಗ ‘ನಿನ್ನ ಗಂಡ’. ಎದುರಿಗೆ ‘ನೀವು’. “ನಿನ್ನ ಗಂಡ ಊಟ ಮಾಡಿದನಾ?” “ನೀವು ಚಾ ಕುಡಿತೀರಾ?” ನಮ್ಮ ಗುಂಪಿನ ಬೇರೆ ಮುದುಕರು ಅಳಿಯಂದಿರನ್ನು ಹೆಗಲ ಮೇಲೆ ಕೈ ಹಾಕಿ ಮಾತಾಡಿಸುವಾಗ ಪಪ್ಪ ನನ್ನ ಗಂಡನಿಗೆ ಕುರ್ಚಿ ತೋರಿಸುತ್ತಿದ್ದರು. ಶಿಷ್ಯನೆಂದು ಒಪ್ಪಿದ್ದಾರೆ, ಸರಿ. ಮಗಳ ಗಂಡನೆಂದು ಒಪ್ಪಿದ್ದಾರೆಯೇ? ನನಗೆ ಬೇಕಾಗಿದ್ದ ಉತ್ತರ ಅದೊಂದೇ. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಹಾಗಾಗಿ ಪುರಾವೆ ಹುಡುಕುತ್ತಿದ್ದೆ.

ಪ್ಯಾರಮಟ್ಟಾದ ಸುತ್ತಮುತ್ತ ನಾವು ಮಂಗಳೂರಿನ ಹನ್ನೊಂದು ಕುಟುಂಬಗಳು ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ಸೇರಿ ಜಪಸರ ಪ್ರಾರ್ಥನೆ ಮಾಡುತ್ತಿದ್ದೆವು. ಊರಿನ ಕ್ರಮದಂತೆ ನಮಗೊಬ್ಬರು ಗುರ್ಕಾರ್ ಇದ್ದರು. ಗುರ್ಕಾರ್ ಎಂದರೆ ವಾಡೆಯ, ಅಂದರೆ ಚರ್ಚಿಗೆ ಸೇರಿದ ಒಂದು ಕೇರಿಯ, ಹಿರಿಯ. ಪ್ರಾರ್ಥನೆ ಶುರುಮಾಡುವುದು, ಮದುವೆ-ಮರಣಕ್ಕೆ ಮುಂದೆ ನಿಲ್ಲುವುದು, ಪಾದ್ರಿಗೂ ಜನಕ್ಕೂ ನಡುವೆ ಮಾತಾಡುವುದು ಎಲ್ಲ ಅವರದೇ. ಸಂಬಳವಿಲ್ಲ, ಮರ್ಯಾದೆ ಉಂಟು. ಎರಡು ಸಾವಿರದ ಐದರಲ್ಲಿ ನಮ್ಮ ಗುರ್ಕಾರ್ ಬ್ರಿಸ್ಬೇನಿನ ಮಗಳ ಮನೆಗೆ ಹೊರಟರು. ಹೊಸಬರನ್ನು ಆರಿಸಬೇಕಿತ್ತು. ಅದೇ ಹೊತ್ತಿಗೆ ರೋಮಿನಲ್ಲಿ ಪೋಪ್ ತೀರಿಕೊಂಡರು.

ಟಿವಿಯಲ್ಲಿ ದಿನವೂ ಅದೇ ಸುದ್ದಿ. ಪಪ್ಪನಿಗೆ ಹೊಸ ಜೀವ ಬಂದಂತಾಯಿತು. ನಮ್ಮ ಮನೆಗೆ ಬಂದವರನ್ನೆಲ್ಲ ಕೂರಿಸಿ ಪಾಠ ಶುರು. ಪೋಪ್ ಸತ್ತರೆ ಅವರ ಉಂಗುರವನ್ನು ಒಡೆಯುತ್ತಾರೆ, ಅವರ ಹೆಸರಿನಲ್ಲಿ ಇನ್ನು ಯಾರೂ ಮುದ್ರೆ ಒತ್ತಬಾರದೆಂದು. ಕಾರ್ಡಿನಲ್‌ಗಳು ಒಳಗೆ ಹೋಗುತ್ತಾರೆ, ಹೊರಗಿನವರನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕುತ್ತಾರೆ. ಎಂಬತ್ತು ತುಂಬಿದವರಿಗೆ ಮತವಿಲ್ಲ. ಬೈಬಲ್ ಮೇಲೆ ಕೈಯಿಟ್ಟು, ಒಳಗೆ ನಡೆದದ್ದನ್ನು ಹೊರಗೆ ಹೇಳುವುದಿಲ್ಲವೆಂದು ಆಣೆ ಮಾಡಬೇಕು. ಚೀಟಿಯಲ್ಲಿ ಹೆಸರು ಬರೆಯಬೇಕು, ತನ್ನ ಅಕ್ಷರವೆಂದು ಗೊತ್ತಾಗದ ಹಾಗೆ. ಎಣಿಸಲು ಚೀಟಿ ಎತ್ತಿ ಮೂವರನ್ನು ಆರಿಸುತ್ತಾರೆ. ಮೂರನೆಯವನು ಹೆಸರನ್ನು ಗಟ್ಟಿಯಾಗಿ ಓದಿ, ಚೀಟಿಯನ್ನು ಸೂಜಿಯಿಂದ ದಾರಕ್ಕೆ ಪೋಣಿಸುತ್ತಾನೆ. ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಪೋಪ್. ಬೀಳದಿದ್ದರೆ ಚೀಟಿಗಳನ್ನು ಸುಟ್ಟು ಕಪ್ಪು ಹೊಗೆ, ಬಿದ್ದರೆ ಬಿಳಿ ಹೊಗೆ.

“ತನ್ನ ಹೆಸರು ತಾನೇ ಬರೆದರೆ?” ಎಂದು ಯಾರೋ ಕೇಳಿದರು.

“ಹಿಂದಿನ ಕಾಲದಲ್ಲಿ ಅದನ್ನು ತಪಾಸಣೆ ಮಾಡ್ತಿದ್ರು. ಈಗ ಯಾರೂ ನೋಡುವುದಿಲ್ಲ,” ಎಂದರು ಪಪ್ಪ. “ನೋಡದಿದ್ರೂ ಮಾನ ಇರುವವ ಬರೆಯುವುದಿಲ್ಲ.”

ನನ್ನ ಗಂಡ ನಗುತ್ತಿದ್ದ. “ನಮ್ಮ ಕಡೆ ಮಠದಾಗ ಇಷ್ಟೆಲ್ಲ ಇಲ್ರಿ. ದೊಡ್ಡ ಸ್ವಾಮಿಗಳು ಇವನ ಮುಂದಿನವ ಅಂತ ಮೊದಲ ಹೇಳಿಬಿಡತಾರ.”

ಗುರ್ಕಾರ್ ಸ್ಥಾನಕ್ಕೆ ಹೆಸರು ಮಾತಾಡುವ ದಿನ ಗಂಡಸರು ನಮ್ಮ ಮನೆಯಲ್ಲೇ ಸೇರಿದ್ದರು. ಒಬ್ಬರು ಮೊದಲೇ ತಯಾರಾಗಿ ಬಂದಿದ್ದರು. “ನಮ್ಮದು ಐದು ತಲೆಮಾರಿನ ಗುರ್ಕಾರ್ ಮನೆ” ಎಂಬುದು ಅವರು ಹೋದಲ್ಲೆಲ್ಲ ಹೇಳುವ ಮಾತು. ನಾವು ಹೆಂಗಸರು ಅವರಿಗೆ ಐದು ತಲೆಮಾರು ಎಂದೇ ಹೆಸರಿಟ್ಟಿದ್ದೆವು. ಅವರ ಎದುರಿಗೆ ಯಾರೋ ನನ್ನ ಗಂಡನ ಹೆಸರನ್ನು ಎತ್ತಿದರು. ಅವನು ಯಾರ ಮನೆ ಬದಲಾಯಿಸುವುದಿದ್ದರೂ ಸೋಫಾ ಹೊರಲು ಹೋಗುವವನು, ಇಲ್ಲೇ ನೆಲೆಸಲು ಬೇಕಾದ ಪಿಆರ್ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವವನು. ಜನಕ್ಕೆ ಇಷ್ಟವಾಗಿದ್ದ.

“ಹಾಗಲ್ಲ ಮಾಸ್ಟ್ರೇ,” ಎಂದರು ಐದು ತಲೆಮಾರು, ನನ್ನ ಗಂಡ ಅಲ್ಲೇ ಕೂತಿದ್ದರೂ ಪಪ್ಪನ ಕಡೆ ತಿರುಗಿ. “ಗುರ್ಕಾರ್ ಅಂದ್ರೆ ಹುಟ್ಟಿನಿಂದ ನಮ್ಮವ ಆಗಿರ್ಬೇಕು. ನಿನ್ನೆ ಮೊನ್ನೆ ಬಂದವರಿಗೆ ನಮ್ಮ ಕ್ರಮ ಎಂತ ಗೊತ್ತುಂಟು?”

ನಾನು ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನ ಮೈಯೆಲ್ಲ ಉರಿದುಹೋಯಿತು. ಪಪ್ಪ ಏನು ಹೇಳುತ್ತಾರೆಂದು ಅವರ ಮುಖವನ್ನೇ ನೋಡಿದೆ.

“ಪೋಪ್ ಆಗ್ಲಿಕ್ಕೆ ಎಂತ ಬೇಕು, ಹೇಳಿ ನೋಡುವಾ,” ಎಂದರು ಪಪ್ಪ. “ಗಂಡಸಾಗಿರ್ಬೇಕು, ದೀಕ್ಷಾಸ್ನಾನ ಆದ ಕ್ಯಾಥೊಲಿಕ್ ಆಗಿರ್ಬೇಕು. ಕಾರ್ಡಿನಲ್ ಆಗಿರ್ಬೇಕಂತ ಇಲ್ಲ. ಪಾದ್ರಿ ಸಹ ಆಗಿರ್ಬೇಕಂತ ಇಲ್ಲ, ಆರಿಸಿದ ಮೇಲೆ ಬಿಷಪ್ ಮಾಡಿದ್ರೆ ಆಯ್ತು. ನೂರಾರು ವರ್ಷದಿಂದ ಕಾರ್ಡಿನಲ್‌ಗಳನ್ನೇ ಆರಿಸ್ತಾ ಬಂದಿದ್ದಾರೆ, ಅದು ರೂಢಿ. ರೂಢಿ ಬೇರೆ, ನಿಯಮ ಬೇರೆ. ರೋಮಿಗೆ ಬೇಡದ ಐದು ತಲೆಮಾರು ಪ್ಯಾರಮಟ್ಟಾಕ್ಕೆ ಎಂತಕ್ಕೆ?”

“ಅಂದ್ರ ನಾನೂ ಪೋಪ್ ಆಗಬಹುದೇನ್ರಿ ಮಾವಾರ?” ಎಂದ ನನ್ನ ಗಂಡ.

“ನಿಮ್ಮ ಹೆಂಡತಿ ಬಿಡ್ಬೇಕಲ್ಲ,” ಎಂದರು ಪಪ್ಪ. ಎಲ್ಲರೂ ಗೊಳ್ಳೆಂದು ನಕ್ಕರು.

ನಾನೂ ನಕ್ಕೆ. ಒಳಗೆ ಮಾತ್ರ ಲೆಕ್ಕಾಚಾರ ನಡೆದಿತ್ತು. ಇದು ನನ್ನ ಗಂಡನ ಪರವಾಗಿ ಆಡಿದ ಮಾತೋ, ಹಳೆಯ ಮೇಷ್ಟ್ರ ವಿದ್ಯೆ ತೋರಿಸುವ ಚಪಲವೋ? ‘ನನ್ನ ಅಳಿಯ ಯಾವುದರಲ್ಲಿ ಕಡಿಮೆ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅದನ್ನು ಹೇಳದೆ ರೋಮಿನವರೆಗೆ ಯಾಕೆ ಸುತ್ತಬೇಕು?

ಕೊನೆಗೆ ರೋಮಿನ ಕ್ರಮದಲ್ಲೇ ನಾವೂ ಆರಿಸೋಣ ಎಂದು ತೀರ್ಮಾನವಾಯಿತು. ಹನ್ನೊಂದು ಮನೆಯ ಹನ್ನೊಂದು ಗಂಡಸರು, ಜೊತೆಗೆ ಹಿರಿಯರೆಂದು ಪಪ್ಪ. ಹನ್ನೆರಡು ಮತ, ಗೆಲ್ಲಲು ಎಂಟು. ಐದು ತಲೆಮಾರು ಸುಮ್ಮನಿರಲಿಲ್ಲ. “ಎಂಬತ್ತು ಆದವರಿಗೆ ಮತ ಇಲ್ಲ ಅಂದ್ರಲ್ಲ ಮಾಸ್ಟ್ರೇ, ನಿಮಗೆ ಈಗ ಎಷ್ಟು?” ಎಂದರು. “ಎಪ್ಪತ್ತಾರು. ಪಾಸ್‌ಪೋರ್ಟ್ ತರ್ಲಿಕ್ಕುಂಟಾ?” ಎಂದರು ಪಪ್ಪ.

ಹೆಂಗಸರಿಗೆ? “ಕಾರ್ಡಿನಲ್‌ಗಳಲ್ಲಿ ಹೆಂಗಸರಿಲ್ಲವಲ್ಲ,” ಎಂದರು ಗಂಡಸರು. ಊರಿನಿಂದ ಸಾವಿರಾರು ಮೈಲಿ ದೂರ ಬಂದು, ದುಡಿದು ಅರ್ಧ ಮಾರ್ಟ್‌ಗೇಜ್ ಕಟ್ಟುವವರು ನಾವು. ಗುರ್ಕಾರ್ ಆರಿಸಲು ಮಾತ್ರ ನಮಗೆ ಬುದ್ಧಿಯಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಭಾನುವಾರ ಮಧ್ಯಾಹ್ನ. ರೋಮಿನಲ್ಲಿ ಮಾರನೆಯ ದಿನ ಬಾಗಿಲು ಹಾಕುವವರಿದ್ದರು, ನಮ್ಮ ಯೂನಿಟ್‌ನಲ್ಲಿ ಒಂದು ದಿನ ಮೊದಲೇ ಹಾಕಿದರು. ಹೆಂಗಸರನ್ನೆಲ್ಲ ಅಡುಗೆಮನೆಗೆ ತಳ್ಳಿ, ಪಪ್ಪ ಹಾಲ್‌ನಲ್ಲಿ ಹನ್ನೆರಡು ಜನರಿಂದಲೂ ಬೈಬಲ್ ಮುಟ್ಟಿಸಿ ಆಣೆ ಮಾಡಿಸಿದರು. ಯಾರಿಗೆ ಹಾಕಿದೆನೆಂದು ಸಾಯುವವರೆಗೂ ಹೇಳುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ. ಚೀಟಿ ಎತ್ತಿದಾಗ ಎಣಿಸುವ ಮೂವರಲ್ಲಿ ಪಪ್ಪನ ಹೆಸರೂ ಬಂತು, ಓದಿ ಪೋಣಿಸುವ ಮೂರನೆಯವರಾಗಿ. ಸೂಜಿ ದಾರ ನನ್ನದು.

ನಾನೇನು ಮಾಡಿದೆ? ಒಲೆಯ ಮೇಲಿನ ಕೋಳಿ ಸುಕ್ಕವನ್ನು ಬೇರೆಯವರಿಗೆ ವಹಿಸಿ, ಒಂದು ಸ್ಟೀಲ್ ಲೋಟ ತೆಗೆದುಕೊಂಡು ಬಾಗಿಲಿಗಿಟ್ಟು ಕಿವಿ ಹಚ್ಚಿದೆ. ಐದು ತಲೆಮಾರಿನವರ ಹೆಂಡತಿ, “ಇದು ಪಾಪ ಅಲ್ವಾ?” ಎಂದಳು. “ಕುಂಬಸಾರದಲ್ಲಿ ಪಾದ್ರಿಯ ಹತ್ರ ತಪ್ಪು ಹೇಳ್ತೇನೆ, ನೀನು ಅಷ್ಟು ಹೊತ್ತು ಬಾಯಿ ಮುಚ್ಚು,” ಎಂದೆ.

ಪಪ್ಪನ ಸ್ವರ ಸ್ಪಷ್ಟವಾಗಿ ಕೇಳುತ್ತಿತ್ತು, ಹಾಜರಿ ಕರೆಯುವಂತೆ. ನನ್ನ ಗಂಡನ ಹೆಸರು ಏಳು ಸಲ. ಐದು ತಲೆಮಾರಿನವರದು ನಾಲ್ಕು ಸಲ. ನಡುವೆ ಒಮ್ಮೆ ಪಪ್ಪನ ಸ್ವರ ಕ್ಷಣಹೊತ್ತು ನಿಂತಿತು. ಆಮೇಲೆ ಓದಿದ್ದು ಅವರದೇ ಹೆಸರು.

ಎರಡನೆಯ ಸುತ್ತು. ಏಳು, ನಾಲ್ಕು, ಒಂದು. ಆ ಒಂದು ಮತ್ತೆ ಪಪ್ಪನಿಗೆ.

ಯಾವನು ಅವನು? ಪಪ್ಪ ತನಗೆ ಬೇಡವೆಂದು ಮೊದಲೇ ಹೇಳಿದ್ದರು, ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎರಡು ಸಲ ಬರೆಯುತ್ತಾನೆಂದರೆ, ನನ್ನ ಗಂಡ ಎಂಟಕ್ಕೆ ಮುಟ್ಟಬಾರದೆಂದೇ ಅಲ್ಲವೇ? ನಾನು ಅಲ್ಲೇ ನಿಂತು ಹನ್ನೆರಡು ಜನರನ್ನೂ ಒಬ್ಬೊಬ್ಬರಾಗಿ ಕಟಕಟೆಗೆ ಹತ್ತಿಸಿದೆ. ಕಳೆದ ತಿಂಗಳು ನಮ್ಮ ಮನೆಯಲ್ಲಿ ಮೀನು ಸಾರು ಸಾಕೆಂದು ತಟ್ಟೆ ಸರಿಸಿದವನೇ? ನನ್ನ ಗಂಡನಿಂದ ಮೂರು ಸಲ ಫಾರ್ಮ್ ತುಂಬಿಸಿಕೊಂಡು ಬೆನ್ನ ಹಿಂದೆ ‘ಘಟ್ಟದವನು’ ಎಂದು ಹೀಯಾಳಿಸುವವನೇ?

ಅಷ್ಟರಲ್ಲಿ ಗಂಡಸರು ಚೀಟಿಗಳ ಎರಡು ಮಾಲೆ ಹಿಡಿದು ಅಡುಗೆಮನೆಗೆ ನುಗ್ಗಿದರು. ಸುಡಬೇಕಂತೆ. ನನ್ನ ಸುಕ್ಕದ ಪಾತ್ರೆಯನ್ನು ಕೆಳಗಿಳಿಸಿ, ದೊಡ್ಡ ಬಾಣಲೆಯನ್ನು ಒಲೆಗಿಟ್ಟು ಅದರಲ್ಲಿ ಬೆಂಕಿ ಹಚ್ಚಿದರು. ಯಾರೂ ಗೆಲ್ಲದ್ದರಿಂದ ಹೊಗೆ ಕಪ್ಪಾಗಬೇಕು. ಹಿಂದೆ ರೋಮಿನಲ್ಲಿ ಒದ್ದೆ ಹುಲ್ಲು ಹಾಕುತ್ತಿದ್ದರಂತೆ. ಒದ್ದೆ ಹುಲ್ಲಿಲ್ಲವೆಂದು ಐದು ತಲೆಮಾರು ಸೋಸಿದ ಚಹಾಪುಡಿಯನ್ನು ಸುರಿದರು. ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಕೆಟ್ಟ ಹಳದಿ ಹೊಗೆ ಎದ್ದು ಸೀಲಿಂಗ್ ತುಂಬಿತು. ಸ್ಮೋಕ್ ಅಲಾರಂ ಕಿರುಚಿತು. ಅದರ ಹಿಂದೆ ಇಡೀ ಕಟ್ಟಡದ ಅಲಾರಂ. ನಾನು ಬಾಣಲೆಗೆ ಒಂದು ಚೊಂಬು ನೀರು ಹೊಯ್ದು ಓಡಿದೆ.

ಕೋಟು ಹಾಕಿದ ಹನ್ನೆರಡು ಕಾರ್ಡಿನಲ್‌ಗಳು, ಹತ್ತು ಹನ್ನೊಂದು ಹೆಂಗಸರು, ಜೊತೆಗೆ ಕಟ್ಟಡದ ಎಲ್ಲ ನಿವಾಸಿಗಳು ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಫೈರ್ ಎಂಜಿನ್ ಬಂತು. ಏನು ಸುಡುತ್ತಿದ್ದಿರೆಂದು ಅಗ್ನಿಶಾಮಕದವನು ಕೇಳಿದಾಗ ಪಪ್ಪ ಇದ್ದದ್ದನ್ನು ಇದ್ದಂತೆ, ಮತಚೀಟಿಗಳು ಎಂದರು. ಅವನು ನಮ್ಮೆಲ್ಲರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದ. ನನಗೆ ಆ ನೋಟ ಪರಿಚಯದ್ದು, ಆಫೀಸಿನಲ್ಲಿ ನಾನೇ ನೋಡುವ ನೋಟ.

ಮೇಲೆ ಹೋದ ಮೇಲೆ ಮೂರನೆಯ ಸುತ್ತಿಗೆ ಯಾರಿಗೂ ಉತ್ಸಾಹವಿರಲಿಲ್ಲ. ಜಗಳವಾಗುವ ಮೊದಲು ಪಾದ್ರಿಯವರನ್ನು ಕೇಳೋಣ ಎಂದರು. ಪಾದ್ರಿ ಪಾಪ ಐರಿಶ್ ಮುದುಕ. ನಿಮ್ಮಲ್ಲಿ ಯಾರು ಹಳಬರೋ ಅವರೇ ಇರಲಿ ಎಂದುಬಿಟ್ಟರು. ಐದು ತಲೆಮಾರೇ ಗುರ್ಕಾರ್ ಆಗಿ ಆರನೆಯದಕ್ಕೂ ದಾರಿ ಮಾಡಿಕೊಂಡರು. ಅವರು, ಅವರ ತಮ್ಮ, ಅವರ ಇಬ್ಬರು ಗೆಳೆಯರು, ಹೀಗೆ ನಾಲ್ವರೂ ‘ನಮ್ಮ ನಾಲ್ಕು ಮತ ಅಲುಗಲಿಲ್ಲ’ ಎಂದು ಊರಿಡೀ ಹೇಳಿಕೊಂಡು ತಿರುಗಿದರು. ಬೈಬಲ್ ಮುಟ್ಟಿದ ಕೈಯ ಬಿಸಿ ಇನ್ನೂ ಆರಿರಲಿಲ್ಲ. ನನ್ನ ಗಂಡ ಮಾತ್ರ, “ಹೋಗ್ಲಿ ಬಿಡ, ನನಗೆಲ್ಲಿ ಟೈಮ್ ಐತಿ,” ಎಂದ. ಹಾಗೆಂದವನು ಆ ಸಂಜೆ ಊಟ ಅರ್ಧಕ್ಕೇ ಬಿಟ್ಟು ಎದ್ದ.

ಸೋಮವಾರ ಬೆಳಿಗ್ಗೆ ಬಾಣಲೆ ಉಜ್ಜಲು ಹೋದೆ. ತಳದಲ್ಲಿ ಮಸಿ, ಬೆಂದ ಚಹಾಪುಡಿ. ಆ ಪುಡಿಯ ಅಡಿಯಲ್ಲಿ ಒಂದು ಚೀಟಿ ಸುಡದೆ ಒದ್ದೆಯಾಗಿ ಅಂಟಿಕೊಂಡಿತ್ತು. ಸೂಜಿಯ ತೂತು ಇತ್ತು. ಸೊಟ್ಟಂಬಟ್ಟ ಕನ್ನಡ ಅಕ್ಷರದಲ್ಲಿ, ಎಡಗೈಯಿಂದ ಬರೆದ ಹಾಗೆ, ಪಪ್ಪನ ಹೆಸರು. ಅಕ್ಷರದಿಂದ ಯಾರೆಂದು ಹೇಳುವಂತಿರಲಿಲ್ಲ. ಆದರೆ ಹೆಸರಿನ ಮೇಲ್ಗಡೆ, ಚೀಟಿಯ ನೆತ್ತಿಯಲ್ಲಿ, ಒಂದು ಪುಟ್ಟ ಶಿಲುಬೆ. ಸ್ವಲ್ಪ ಬಲಕ್ಕೆ ವಾಲಿದ್ದು.

ಅಕ್ಷರ ಮರೆಸಿದವರು ಅಭ್ಯಾಸ ಮರೆಸಲು ಮರೆತಿದ್ದರು. ಆಫೀಸಿನಲ್ಲಾದರೆ ನಾನು ಕೈ ಚಪ್ಪಾಳೆ ತಟ್ಟುತ್ತಿದ್ದೆ. ಮಾನ ಇರುವವ ತನ್ನ ಹೆಸರು ತಾನು ಬರೆಯುವುದಿಲ್ಲ ಎಂದವರು ಎರಡು ಸಲ ಬರೆದುಕೊಂಡಿದ್ದಾರೆ. ಗುರ್ಕಾರ್ ಆಗುವ ಆಸೆಯಿಂದಲ್ಲ, ಧಾರವಾಡದವನು ಆಗಬಾರದೆಂದು. ಐದು ತಲೆಮಾರಿನವರಾದರೂ ಮುಖದ ಮೇಲೆ ಹೇಳಿದರು. ಪಪ್ಪ ಎದುರಿಗೆ ನಿಯಮ ಹೇಳಿ, ಚೀಟಿಯಲ್ಲಿ ರೂಢಿ ಬರೆದರು. ವರ್ಷಗಳಿಂದ ಹುಡುಕುತ್ತಿದ್ದ ಪುರಾವೆ ಕೈಗೆ ಬಂದಿತ್ತು, ಮತ್ತು ನನಗೆ ಅಳು ಬಂತು.

ಗಂಡನಿಗೆ ಹೇಳಲಿಲ್ಲ. ಮಾವನೆಂದರೆ ಅವನಿಗೆ ಜೀವ; ಇದನ್ನು ತೋರಿಸಿ ಅದನ್ನೂ ಕಿತ್ತುಕೊಳ್ಳಲೇ? ಎರಡು ದಿನ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಬುಧವಾರ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ರೇಡಿಯೋ ಹಾಕಿದರೆ, ರೋಮಿನಲ್ಲಿ ಬಿಳಿ ಹೊಗೆ ಬಂದಿದೆ, ಗಂಟೆ ಬಾರಿಸಿದ್ದಾರೆ, ಹೊಸ ಪೋಪ್ ಆಗಿದ್ದಾರೆ. ಪಪ್ಪ ಚಹಾ ಲೋಟ ಕೆಳಗಿಟ್ಟು ಶಿಲುಬೆ ಗುರುತು ಮಾಡಿಕೊಂಡರು. ಮುಖದಲ್ಲಿ ಸಂತೋಷ. ನನಗೆ ತಡೆಯಲಾಗಲಿಲ್ಲ.

“ಎಂತ ಪಪ್ಪಾ, ಅಲ್ಲಿ ಸಹ ನಿಮ್ಮ ಹೆಸರು ಬರ್ಲಿಲ್ವಾ?” ಎಂದೆ. ಚೀಟಿಯನ್ನು ಅವರ ಲೋಟದ ಪಕ್ಕದಲ್ಲಿಟ್ಟೆ.

ಪಪ್ಪ ಕನ್ನಡಕ ಹಾಕಿಕೊಂಡರು. ಚೀಟಿಯನ್ನು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಸಿಕ್ಕಿಬಿದ್ದವರು ಮೊದಲು ತಡವರಿಸುತ್ತಾರೆ, ಆಮೇಲೆ ಸಿಟ್ಟು ಮಾಡುತ್ತಾರೆ, ನನಗೆ ಗೊತ್ತು. ಅವರು ಎರಡನ್ನೂ ಮಾಡದೆ ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

“ಹೇಳಿ ಪಪ್ಪಾ. ಅವನು ಒಂದು ವರ್ಷ ನಿಮ್ಮ ಕಾಲಬುಡದಲ್ಲಿ ಕೂತು ಕಲಿತ. ನೀವು ಅವನಿಗೆ ನೀರು ತಲೆಗೆ ಹಾಕಿಸಿದ್ದು ಮಾತ್ರ, ಮನೆಯೊಳಗೆ ಸೇರಿಸ್ಲಿಲ್ಲ. ನಾನು ನಿಮ್ಮನ್ನು ನಂಬಿದ್ದೆ.”

“ನಿನ್ನ ಟ್ರೇನು ತಪ್ಪುತ್ತದೆ,” ಎಂದರು ಪಪ್ಪ.

ಅಷ್ಟೇ. ತಿಂಗಳು ಮುಗಿಯುವುದರೊಳಗೆ ಅವರು ಮೆಲ್ಬರ್ನಿನ ನನ್ನ ತಮ್ಮನ ಮನೆಗೆ ಹೋದರು. ತಮ್ಮನಿಗೆ ಆಗಷ್ಟೇ ಮಗು ಹುಟ್ಟಿತ್ತು, ಸಹಾಯಕ್ಕೆ ಬೇಕು ಎಂದು ನನ್ನ ಗಂಡನಿಗೆ ಹೇಳಿದರು. ಏರ್‌ಪೋರ್ಟ್‌ನಲ್ಲಿ ಅವನು ಪಪ್ಪನ ಕಾಲಿಗೆರಗಿದ, ಧಾರವಾಡದ ಅಭ್ಯಾಸ. ನಾನು ಕಾರಿನಿಂದ ಇಳಿಯಲಿಲ್ಲ.

ಮೂರು ವರ್ಷ ನಾನೂ ಪಪ್ಪನೂ ಫೋನಿನಲ್ಲಿ ಆಡಿದ್ದು ಬಿಪಿ ಮಾತ್ರೆ ಮತ್ತು ಮೆಲ್ಬರ್ನಿನ ಚಳಿ. ನನ್ನ ಗಂಡ ಮಾತ್ರ ಪ್ರತಿ ಭಾನುವಾರ ಅವರೊಂದಿಗೆ ಅರ್ಧ ಗಂಟೆ ಹರಟುತ್ತಿದ್ದ. ಪಕ್ಕದ ಕೋಣೆಯಲ್ಲಿ ಕೂತು ಕೇಳುವಾಗ, ಪಾಪ ಏನೂ ಗೊತ್ತಿಲ್ಲದವನು ಎಂದು ಕರುಳು ಚುರ್ ಎನ್ನುತ್ತಿತ್ತು.

ಎರಡು ಸಾವಿರದ ಎಂಟರಲ್ಲಿ ಆ ಹೊಸ ಪೋಪ್ ಸಿಡ್ನಿಗೆ ಬರುವವರಿದ್ದರು. ಪಪ್ಪ ಬಂದು ನೋಡಲಿ ಎಂದು ತಮ್ಮನ ಕೈಯಲ್ಲಿ ಹೇಳಿಸಿದೆ. ‘ಟಿವಿಯಲ್ಲಿ ನೋಡ್ತೇನೆ’ ಎಂದು ಉತ್ತರ ಬಂತು. ಗಂಡ ಬಿಡಲಿಲ್ಲ, “ನಾವ ಹೋಗಿ ಕರಕೊಂಡು ಬರೂಣ,” ಎಂದು ಈಸ್ಟರ್ ರಜೆಗೆ ಕಾರು ಹೊರಡಿಸಿದ. ದಾರಿಯುದ್ದಕ್ಕೂ ಅವನು ಹಾಡು ಹೇಳಿದ, ನಾನು ಕಿಟಕಿ ನೋಡಿದೆ.

ಮರುದಿನ ಬೆಳಿಗ್ಗೆ ತಮ್ಮನ ಅಡುಗೆಮನೆಯಲ್ಲಿ ನಾದಿನಿ ಅಂಗಡಿಗೆ ಬೇಕಾದ್ದನ್ನು ಹೇಳುತ್ತಿದ್ದಳು. ನನ್ನ ಗಂಡ ಫ್ರಿಜ್ಜಿಗೆ ಅಂಟಿಸಿದ್ದ ಪ್ಯಾಡಿನಿಂದ ಒಂದು ಹಾಳೆ ಕಿತ್ತು, ಪೆನ್ನು ಹಿಡಿದು ಬರೆಯತೊಡಗಿದ. ಬರೆದು ಮುಗಿಸಿ ಹಾಳೆಯನ್ನು ನನ್ನ ಕೈಗೆ ಕೊಟ್ಟು ಕಾರಿನ ಕೀ ಹುಡುಕಲು ಹೋದ. ನಾನು ನೋಡಿದೆ. ಈರುಳ್ಳಿ, ಮೀನು, ತೆಂಗಿನ ಹಾಲು, ಮಗುವಿಗೆ ಬಿಸ್ಕತ್ತು. ಎಲ್ಲಕ್ಕಿಂತ ಮೇಲೆ, ಹಾಳೆಯ ನೆತ್ತಿಯಲ್ಲಿ, ಒಂದು ಪುಟ್ಟ ಶಿಲುಬೆ. ಸ್ವಲ್ಪ ಬಲಕ್ಕೆ ವಾಲಿದ್ದು.

“ಇದೇನಿದು?” ಎಂದೆ.

“ಯಾವುದು? ಅದಾ? ಮಾವಾರು ಕಲಿಸಿದ್ದು. ಪೆನ್ ಹಿಡಿದ್ರ ಮೊದಲ ಅದು ಬರತದ, ಕೈ ತಾನ ಎಳೀತದ.”

“ಅವತ್ತು ಗುರ್ಕಾರ್ ಎಲೆಕ್ಷನ್ ದಿನ ನೀನು ಯಾರ ಹೆಸರು ಬರೆದೆ?”

ಅವನು ಕೀ ಹುಡುಕುವುದನ್ನು ನಿಲ್ಲಿಸಿದ. “ಆಣೆ ಮಾಡೇವಲ್ಲ.”

“ಹೇಳು. ನಿನ್ನ ಕಾಲು ಹಿಡೀತೇನೆ, ಹೇಳು.”

“ಮಾವಾರದು,” ಎಂದ ಅವನು ನನ್ನ ಮುಖ ನೋಡಿ ಗಾಬರಿಯಾಗಿ. “ಎರಡೂ ಸಲ. ತನ್ನ ಹೆಸರು ತಾ ಬರೀಬಾರದು ಅಂತ ಅವರ ಹೇಳಿದ್ರಲ್ಲ. ಆ ಇನ್ನೊಬ್ಬಾಂವಗ ಹಾಕಾಕ ಮನಸ್ಸು ಬರಲಿಲ್ಲ. ಯಾಕ, ಏನಾತು?”

ಗೋಡೆಯ ಕ್ಯಾಲೆಂಡರು ನೋಡುವವಳಿಗೆ ವಾಲಿದ ಶಿಲುಬೆ ಕಾಣಲಿಲ್ಲ. ಪಪ್ಪನ ಶಿಲುಬೆ ಯಾವಾಗಲೂ ನೇರ; ಇದು ಎಡಗೈಯಲ್ಲಿ ಎಳೆದದ್ದಕ್ಕೆ ವಾಲಿದೆ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಾಲ್ಕು ಮತ ಯಾರದೆಂದು ಆ ನಾಲ್ವರೇ ಸಾರಿಕೊಂಡಿದ್ದರು. ಒಂದು ನನ್ನ ಗಂಡನದು. ಉಳಿದ ಏಳು ಅವನ ಹೆಸರಿಗೆ ಬಿದ್ದವು, ಆ ಏಳರಲ್ಲಿ ಪಪ್ಪನದೂ ಒಂದು. ಕೂಡಿ ಕಳೆಯಲು ಮೂರು ವರ್ಷ ಬೇಕಿರಲಿಲ್ಲ. ನನಗೆ ಅಪರಾಧಿ ಸಿಕ್ಕಿದ್ದ, ಹಾಗಾಗಿ ಎಣಿಸಲೇ ಇಲ್ಲ.

“ಗ್ರ್ಯಾಂಡ್‌ಪಾ ಈಸ್ ಔಟ್‌ಸೈಡ್,” ಎಂದಿತು ತಮ್ಮನ ಮಗು, ನಾನು ಯಾರನ್ನು ಹುಡುಕುತ್ತಿದ್ದೇನೆಂದು ಅದಕ್ಕೆ ಹೇಗೆ ತಿಳಿಯಿತೋ.

ಪಪ್ಪ ಹಿತ್ತಲಿನಲ್ಲಿ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ಮೂರು ವರ್ಷದಲ್ಲಿ ತುಂಬ ಸಣ್ಣಗಾಗಿದ್ದರು. ನಾನು ಆ ಹಾಳೆಯನ್ನು ಅವರೆದುರು ಹಿಡಿದೆ. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಕೇಳಿದೆ.

“ಆ ಚೀಟಿ ಎಲ್ಲಿ ಪಪ್ಪಾ?”

“ಸುಟ್ಟೆ. ಒಂದೂ ಉಳೀಬಾರದು ಅಂತ ನಿಯಮ ಉಂಟು.”

“ಅವನದೇ ಅಂತ ನಿಮಗೆ ಗೊತ್ತಿತ್ತು.”

ಪಪ್ಪ ಗಿಡದ ಕಡೆ ತಿರುಗಿದರು. ದಾರದ ಗಂಟು ಬಿಗಿಮಾಡಿದರು.

“ಯಾರಿಗೆ ಹಾಕಿದೆ ಅಂತ ನೀವು ಹೇಳ್ಬೇಕಾಗಿರ್ಲಿಲ್ಲ,” ಎಂದೆ. ಅಳುತ್ತಿದ್ದೆ, ನಾಚಿಕೆಯಾಗಲಿಲ್ಲ. “ಇದು ನನ್ನದಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಅದರಿಂದ ಯಾವ ಆಣೆ ಮುರೀತಿತ್ತು? ಮೂರು ವರ್ಷ ಪಪ್ಪಾ, ನಾನು ನಿಮ್ಮ ಹತ್ರ ಸರಿಯಾಗಿ ಮಾತಾಡ್ಲಿಲ್ಲ.”

“ನನ್ನದಲ್ಲ ಅಂದಿದ್ರೆ ನೀನು ಬಿಡ್ತಿದ್ದಿಯಾ?” ಎಂದರು ಪಪ್ಪ. “ಮತ್ತೆ ಯಾರದ್ದು ಅಂತ ಹುಡುಕ್ತಿದ್ದಿ. ಎರಡು ದಿನದಲ್ಲಿ ಹಿಡೀತಿದ್ದಿ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಕೈಗೆ ಬಂದದ್ದನ್ನು ನೀನೇ ಕಳಕೊಂಡೆ, ಅವರೆದುರು ನನ್ನ ಮಾನ ತೆಗೆದೆ ಅಂತ ಹೇಳಿ ಹೇಳಿ ನನ್ನ ಅಳಿಯನನ್ನು ಹುರಿದು ಮುಕ್ಕಿಬಿಡ್ತಿದ್ದಿ.”

ನಾನು ಅಲ್ಲೇ ಒದ್ದೆ ಮಣ್ಣಿನ ಮೇಲೆ ಕೂತುಬಿಟ್ಟೆ. ಪಪ್ಪ ನನ್ನ ಕೈಯಿಂದ ಹಾಳೆ ತೆಗೆದುಕೊಂಡರು, ಕನ್ನಡಕ ಸರಿಮಾಡಿಕೊಂಡು ಬೆಳಕಿಗೆ ಹಿಡಿದರು.

“ಈಗಲೂ ವಾರೆ ಎಳೀತಾನೆ ಮಾರಾಯ,” ಎಂದರು. “ಒಂದು ವರ್ಷ ಬರೆಸಿದ್ದೇನೆ.”